ಓದಿ ಮುಗಿದ ಹಾಳಿ

ಗುಳೇದಗುಡ್ಡದಲ್ಲಿ ಪುಸ್ತಕದ ಹುಚ್ಚು ಹಿಡಿದವರಿಗೆ ಆ ಕಾಲಕ್ಕೆ ಇದ್ದದ್ದು ಒಂದೇ ಆಸರೆ, ಇಳಕಲ್ಲಿನ ಇಬ್ರಾಹಿಂಸಾಬನ ಖಾಕಿ ಚೀಲ. ಪುಸ್ತಕದಂಗಡಿ ಬೇಕೆಂದರೆ ರೈಲು ಹತ್ತಿ ಬಾಗಲಕೋಟೆಗೆ ಹೋಗಬೇಕು. ಹೋದರೂ ಒಬ್ಬೊಬ್ಬರೇ ಎಷ್ಟಂತ ಕೊಂಡಾರು? ಅದಕ್ಕೇ ಇಳಕಲ್ಲ, ಹುನಗುಂದ, ಕಮತಗಿ, ಗುಳೇದಗುಡ್ಡ ಈ ನಾಲ್ಕೂರಿನ ಓದುಗರು ಕೂಡಿ ‘ಸರದಿ’ ಅಂತ ಒಂದು ಏರ್ಪಾಡು ಮಾಡಿಕೊಂಡಿದ್ದರು. ವರ್ಷಕ್ಕೆ ಒಬ್ಬೊಬ್ಬರೂ ಒಂದೊಂದು ಪುಸ್ತಕ ಕೊಡುವುದು. ಎಲ್ಲ ಪುಸ್ತಕಗಳ ತವರುಮನೆ ಇಳಕಲ್ಲಿನ ಇಬ್ರಾಹಿಂಸಾಬನ ಬೈಂಡಿಂಗ್ ಅಂಗಡಿ. ಹಳೇ ಪುಸ್ತಕ ಮಾರುವುದು, ರದ್ದಿ ಕೊಳ್ಳುವುದು, ಹರಿದದ್ದನ್ನು ಹೊಲಿಯುವುದು ಅವನ ಕಸುಬು. ಮಂಗಳವಾರ ಬಂತೆಂದರೆ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿ ಬರುತ್ತಿದ್ದ. ಈ ಮನೆಯ ಪುಸ್ತಕ ಆ ಮನೆಗೆ, ಆ ಮನೆಯದು ಇನ್ನೊಂದು ಮನೆಗೆ. ಓದಿದವರು ಕೊನೆಯ ಹಾಳೆಯ ಬೆನ್ನಿಗೆ ತಮ್ಮ ಹೆಸರು ಬರೆಯಬೇಕು. ಅದೊಂದೇ ಕಟ್ಟಳೆ.

ಊರಿನ ಏಳು ಮಂದಿ ಸರದಿಯವರಲ್ಲಿ ಆರು ಮಂದಿ ಹೆಚ್ಚು ಸಾಲಿ ಕಲಿತ ಜನ. ನಿವೃತ್ತ ಹೆಡ್‌ಮಾಸ್ತರ ವಿಠ್ಠಲಾಚಾರ್ಯರು ಅಧ್ಯಕ್ಷರು, ಟಪಾಲು ಕಚೇರಿಯ ಸಂಗಯ್ಯ ಕಾಗದಪತ್ರ ನೋಡುವ ಚಿಟಣೀಸ. ಏಳನೆಯವನು ಹೊಳಬಸು. ಕುಪ್ಪಸದ ಖಣ ನೇಯುವವನು. ಅಪ್ಪ ಸತ್ತ ವರ್ಷ ನಾಲ್ಕನೇತ್ತೆಗೆ ಸಾಲಿ ಬಿಟ್ಟು ಮಗ್ಗದ ತಗ್ಗಿಗೆ ಕಾಲಿಳಿಸಿದವನು, ಹದಿನಾಲ್ಕು ವರ್ಷವಾದರೂ ಮೇಲೆ ಎತ್ತಿಲ್ಲ. ಅವನನ್ನು ಸರದಿಗೆ ಸೇರಿಸಿಕೊಳ್ಳುವ ದಿನ ಪಡಸಾಲೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡಿದ್ದರು. ಆಗ ಬಾಗಿಲ ಬಳಿ ನಿಂತಿದ್ದ ಇಬ್ರಾಹಿಂಸಾಬನೇ, “ಈ ಹುಡುಗನ ಜಿಮ್ಮಾ ನಂದು ಮಾಸ್ತರ. ನನ್ನ ಅಂಗಡ್ಯಾಗ ನಿಂತು ರದ್ದ್ಯಾಗಿನ ಹಾಳಿ ಸುದ್ದಾ ಓದಾಂವ ಇಂವಾ,” ಎಂದು ಜಾಮೀನಾಗಿದ್ದ. ಆವತ್ತಿನಿಂದ ಹೊಳಬಸು ಅವನನ್ನು ಕಾಕಾ ಎನ್ನುತ್ತಿದ್ದ. ಅವನು ಇವನನ್ನು ಬೇಟಾ ಎನ್ನುತ್ತಿದ್ದ.

ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಆ ಅಮಾವಾಸ್ಯೆಯ ದಿನ ಹೊಳಬಸು ಇದನ್ನೆಲ್ಲ ಒಂದು ಗಳಿಗೆಯಲ್ಲಿ ಮರೆತ.

ಅಮಾವಾಸ್ಯೆಗೆ ಮಗ್ಗಕ್ಕೆ ಬಿಡುವು. ಸರದಿಯವರು ಮಾಸ್ತರರ ಪಡಸಾಲೆಯಲ್ಲಿ ಕೂಡುತ್ತಿದ್ದದ್ದೂ ಆವತ್ತೇ. ಇಬ್ರಾಹಿಂಸಾಬನೂ ಇಳಕಲ್ಲಿನಿಂದ ಬರುತ್ತಿದ್ದ. ಚಹಾ ಕುಡಿದಾದ ಮೇಲೆ ಸಂಗಯ್ಯ ಒಂದು ದಪ್ಪ ಕಾದಂಬರಿ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದ. ಕಾಡಿನ ಹಾದಿಯಲ್ಲಿ ಟಪಾಲು ಹೊತ್ತು ಓಡುವ ಒಬ್ಬ ಮನುಷ್ಯನ ಕಥೆ ಅದು. ಹೊಳಬಸು ಓದಿ ಕೊಟ್ಟು ಒಂದು ವಾರವಾಗಿತ್ತು.

“ಮಾಸ್ತರ, ನಲವತ್ತೆರಡನೇ ಪುಟ ಆದಮ್ಯಾಲ ನಲವತ್ತೈದು ಬರತೈತಿ ನೋಡ್ರಿ. ಮುಂದ ಎಪ್ಪತ್ತರಿಂದ ಎಪ್ಪತ್ಮೂರು. ಹಿಂಗ ಎಂಟ ಹಾಳಿ ಮಾಯ! ಟಪಾಲಿನಾಂವ ಹೊಳಿ ದಾಟಿದ್ನೋ ಮುಳಗಿದ್ನೋ ತಿಳೀಲೇ ಇಲ್ಲ.” ಸಂಗಯ್ಯ ಹೊಳಬಸುವಿನ ಕಡೆ ತಿರುಗಿ ನಕ್ಕ. “ನನಗಿಂತ ಮೊದಲ ಸರದಿ ಯಾರದಿತ್ತಪಾ? ನಾಕನೇತ್ತೆ ಮಂದೀಗೆ ಕಾದಂಬರಿ ಕೊಟ್ರ ಒಲಿ ಹಚ್ಚಾಕ ಛಲೋ ಆಗತೈತಿ.”

ಎಲ್ಲರೂ ನಕ್ಕರು. ಮಾಸ್ತರರೂ ಮೀಸೆಯೊಳಗೆ ನಕ್ಕರು. ಹೊಳಬಸುವಿಗೆ ಕಿವಿಯಿಂದ ಕಿವಿಗೆ ಕಾದ ಸಲಾಕೆ ಎಳೆದಂತಾಯಿತು. ಅವನ ಸಿಟ್ಟು ಓಣಿಗೆಲ್ಲ ಗೊತ್ತಿದ್ದ ಸಿಟ್ಟು. ಒಣ ಕಣಿಕೆಯ ಬಣವೆಗೆ ಬಿದ್ದ ಕಿಡಿ.

“ಬಾಯಿ ಬಿಗಿ ಹಿಡೀರಿ ಅಯ್ನಾರ! ಅಂಚ ನೋಡ್ರಿ, ಅಂಚ!” ಎಂದು ಪುಸ್ತಕ ಕಸಿದುಕೊಂಡ. “ಕೈಲೆ ಹರದ್ರ ಹಿಂಗ ಇರತೈತೇನು? ಗೆರಿ ಹೊಡದಂಗ ಐತಿ. ನನ್ನ ಮನ್ಯಾಗ ಬ್ಲೇಡ ಎಲ್ಲಿಂದ ಬಂತು? ಇದು ಬೈಂಡರನ ಕೈ. ನಾ ಕೊಟ್ಟದ್ದು ಯಾರ ಕೈಯಾಗ? ನಿಮಗ ಮುಟ್ಟಿದ್ದು ಯಾರ ಕೈಯಿಂದ? ರದ್ದಿ ಮಾರಾಂವಗ ಎಂಟ ಹಾಳಿ ಅಂದ್ರ ಎಂಟ ಪುಡಿಕಿ ಕಟ್ಟಾಕ ಆತು. ಏನ್ಲೇ ಸಾಬ, ಹೇಳ್ಲೇ ಖರೇನ!”

ನಗು ನಿಂತಿತು. ಇಬ್ರಾಹಿಂಸಾಬ ನಿಧಾನಕ್ಕೆ ಎದ್ದು ಬಂದ. ಪುಸ್ತಕ ಕೇಳಿ ತೆಗೆದುಕೊಂಡ. ಹಾಳೆ ಹೋದ ಕಡೆ ಹೆಬ್ಬೆರಳ ತುದಿಯಿಂದ ಅಂಚನ್ನು ಸವರಿದ, ಮತ್ತೊಮ್ಮೆ ಸವರಿದ. ಹೊಳಬಸುವಿನ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದ. ಮುಚ್ಚಿದ.

“ನಾ ಹಾಳಿ ಹೊಲಿಯಾಂವ,” ಎಂದ. “ಇಷ್ಟ ವರ್ಷ ಅದನ್ನ ಮಾಡೇನಿ.”

ಚೀಲವನ್ನು ಕಂಬಕ್ಕೆ ಆನಿಸಿಟ್ಟು ಮೆಟ್ಟಿಲಿಳಿದು ಹೋದ. ಯಾರೂ ತಡೆಯಲಿಲ್ಲ. ಮಾಸ್ತರರು ಮಾತ್ರ, “ರದ್ದಿ ವ್ಯಾಪಾರದವರ್ನ ಪೂರ್ತಾ ನಂಬ್ಲಿಕ್ಕೆ ಆಗೂದಿಲ್ಲ ಬಿಡ್ರಿ,” ಎಂದು ಅಡಿಕೆ ಕತ್ತರಿಸಿದರು. ಹೊಳಬಸು ಗೆದ್ದವನಂತೆ ಮನೆಗೆ ಬಂದ. ಆ ದಿನದ ರೊಟ್ಟಿ ಅವನಿಗೆ ರುಚಿಯಾಗಿತ್ತು.

*

ಮುಂದಿನ ಮಂಗಳವಾರ ಇಬ್ರಾಹಿಂಸಾಬ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಕಮತಗಿಯಲ್ಲಿ, ಹುನಗುಂದದಲ್ಲಿ ಸರದಿ ನಿಂತಿತು ಎಂದು ಬಸ್ಸಿನವರು ಹೇಳಿದರು. ಮಾತು ಬಸ್ಸಿಗಿಂತ ಮೊದಲೇ ಊರು ಮುಟ್ಟುತ್ತದೆ. ಹುನಗುಂದದ ವಕೀಲರೊಬ್ಬರು ಬೈಂಡಿಂಗಿಗೆ ಕೊಟ್ಟಿದ್ದ ಪುಸ್ತಕಗಳನ್ನೆಲ್ಲ ವಾಪಸು ತರಿಸಿಕೊಂಡರಂತೆ. ‘ಹಾಳೀಕಳ್ಳ’ ಅಂತ ಹೆಸರೂ ಇಟ್ಟರಂತೆ. ಹೊಳಬಸು ಕೇಳಿ, “ಆಗಬೇಕಾದ್ದಽ,” ಎಂದ.

ಮೂರನೆಯ ವಾರದ ಒಂದು ಮಧ್ಯಾಹ್ನ ಅವನು ಮಗ್ಗದಲ್ಲಿದ್ದ. ಸೆಳೆತ ಹೆಚ್ಚಾಗಿ ಲಾಳಿ ಹಾರಿ ಗೋಡೆಗೆ ಬಡಿದು ಬಿತ್ತು. ಒಳಗಿನ ಕಂಡಿಕೆ, ರೇಷ್ಮೆ ಸುತ್ತಿದ ಸಣ್ಣ ಕಡ್ಡಿ, ಹೊರಬಂದು ಉರುಳಿತು. ರೇಷ್ಮೆ ಮುಗಿಯಲು ಬಂದಿದ್ದರಿಂದ ಕಡ್ಡಿ ಬರಿದಾಗಿ, ಅದಕ್ಕೆ ಸುತ್ತಿದ್ದ ಕಾಗದ ಕಾಣುತ್ತಿತ್ತು. ಕಡ್ಡಿಯ ಮೇಲೆ ರೇಷ್ಮೆ ಜಾರಬಾರದೆಂದು ಹೆಂಗಸರು ಮೊದಲು ಒಂದು ತುಣುಕು ಕಾಗದ ಸುತ್ತಿ, ಅದರ ಮೇಲೆ ನೂಲು ಸುತ್ತುತ್ತಾರೆ. ಬರಿದಾದ ಕಡ್ಡಿಯನ್ನು ನೇಯುವವನು ಬುಟ್ಟಿಗೆ ಎಸೆಯುತ್ತಾನೆ, ನೋಡುವುದಿಲ್ಲ. ಹೊಳಬಸುವೂ ಇಷ್ಟು ದಿನ ನೋಡಿರಲಿಲ್ಲ. ಇವತ್ತು ಬಗ್ಗಿ ಎತ್ತಿಕೊಂಡ. ಅಚ್ಚಿನ ಅಕ್ಷರ ಕಂಡರೆ ಓದದೆ ಬಿಡುವ ಕಣ್ಣಲ್ಲ ಅವನದು.

‘ಚೀಲವನ್ನು ತಲೆಯ ಮೇಲೆ ಎತ್ತಿ ಹಿಡಿದು ಎದೆಮಟ್ಟದ ನೀರಿಗೆ—’

ಬಿಚ್ಚಿ ನೋಡಿದ. ಮೂಲೆಯಲ್ಲಿ ಪುಟದ ಅಂಕಿ, ನಲವತ್ಮೂರು.

ತಗ್ಗಿನಿಂದ ಮೇಲೆದ್ದ. ಹೊರಗಿನ ಕಟ್ಟೆಯ ಮೇಲೆ ಅವ್ವ ಸಂಗವ್ವ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಪಕ್ಕದಲ್ಲಿ ಬುಟ್ಟಿ. ಅವನು ಬುಟ್ಟಿಯನ್ನೇ ನೆಲಕ್ಕೆ ಸುರಿದ. ಒಂದೊಂದೇ ಕಡ್ಡಿಯನ್ನು ಬಿಚ್ಚತೊಡಗಿದ.

“ಏ ಹುಚ್ಚಪ್ಪಾ! ಸುತ್ತಿದ್ದೆಲ್ಲಾ ಯಾಕ ಬಿಚ್ಚಾಕತ್ತೀ?”

“ಈ ಹಾಳಿ ಎಲ್ಲಿದಬೇ?”

“ಯಾವ ಹಾಳಿ? ಅದಾ? ನಿನ್ನ ಪುಸ್ತಕದ್ದು.”

ಎಷ್ಟು ಸಲೀಸಾಗಿ ಹೇಳಿದಳೆಂದರೆ, ಹಿತ್ತಲಿನ ಕೊತ್ತಂಬರಿ ಕಿತ್ತೆ ಎಂದ ಹಾಗೆ.

“ಯಾರ್ನ ಕೇಳಿ ಹರದಿ?”

“ನಿನ್ನ ಕೇಳೇ ಹರದ್ನಿ ನೋಡು!” ಸಂಗವ್ವನಿಗೂ ಸಿಟ್ಟು ಬಂತು. “ಊಟ ಆದಮ್ಯಾಲ ಕಟ್ಟೀಗೆ ಕುಂತು ನೀ ಓದ್ತಿದ್ದಿ, ನಾ ಕೇಳ್ತಿದ್ನಿ. ‘ಈ ಹಾಳಿ ಮುಗೀತೇನೋ?’ ಅಂತ ದಿನಾ ಕೇಳೇನಿ. ‘ಮುಗೀತಬೇ, ಮುಗೀತು, ನಡಬರಕ ಬಾಯಿ ಹಾಕಬ್ಯಾಡ’ ಅಂದಿ. ಮುಗದದ್ದು ತಗೊಂಡೇನಿ. ಮುಗೀಲಾರದ್ದು ಒಂದಾದ್ರೂ ಮುಟ್ಟೇನೇನು? ಮೊನ್ನಿ ತನಕ ಸುದ್ದಿ ಪೇಪರಽ ಸುತ್ತತಿದ್ನಿ, ಅದರ ಮಸಿ ರೇಷ್ಮಿಗೆ ಹತ್ತತೈತಿ ಅಂತ ನೀನಽ ಒದರಿದಿ. ಇದು ಹತ್ತೂದಿಲ್ಲ.”

“ಯವ್ವಾ, ಪುಸ್ತಕ ಅಂದ್ರ...”

“ಓದಿದ ಮ್ಯಾಲ ಅದರಾಗ ಏನ ಉಳೀತೈತೋ? ನೀ ಓದಿದಿ, ನಾ ಕೇಳಿದೆ. ಆ ಟಪಾಲಿನಾಂವ ಹೊಳಿ ದಾಟಿದ. ಆತಲ್ಲ.”

ಹೊಳಬಸು ಬಿಚ್ಚಿದ ತುಣುಕುಗಳನ್ನು ತೊಡೆಯ ಮೇಲೆ ಹರಡಿಕೊಂಡು ಕೂತ. ಮೂರು ವರ್ಷ ಅವಳ ಮುಂದೆ ಓದಿದ್ದ. ಅವಳು ಅತ್ತದ್ದನ್ನು ಕಂಡಿದ್ದ, ನಕ್ಕದ್ದನ್ನು ಕಂಡಿದ್ದ. ಆದರೆ ಇದು ನಾಳೆ ಇನ್ನೊಬ್ಬರ ಮನೆಗೆ ಹೋಗುತ್ತದೆ, ಅವರೂ ಇದೇ ಹೊಳೆಯನ್ನು ದಾಟಬೇಕು ಎಂದು ಒಂದು ದಿನವಾದರೂ ಹೇಳಿದ್ದನೇ? ಅವಳ ಕಣ್ಣಿಗೆ ಪುಸ್ತಕ ಅಂದರೆ ಮಗ ತರುವ, ಮಗ ಓದುವ, ಮಗ ಮುಗಿಸುವ ವಸ್ತು. ಮಾಸ್ತರರ ಮಂದಿ ತನಗೆ ಏನೂ ತಿಳಿಯುವುದಿಲ್ಲ ಎಂದುಕೊಂಡರೆ ಉರಿದೇಳುತ್ತಿದ್ದವನು, ಅವ್ವನಿಗೆ ತಿಳಿಸಿ ಹೇಳುವುದು ಏನಿದೆ ಎಂದುಕೊಂಡಿದ್ದ.

“ಹ್ಯಾಂಗ ಹರದಿ?” ಎಂದ, ಸಣ್ಣ ದನಿಯಲ್ಲಿ. “ಅಂಚು ಗೆರಿ ಕೊರದಂಗ ಐತಿ.”

ಸಂಗವ್ವನಿಗೆ ಹೆಮ್ಮೆ. ಒಂದು ನೂಲೆಳೆಯನ್ನು ನೀರಿನ ಬಟ್ಟಲಲ್ಲಿ ಅದ್ದಿದಳು. ಒಂದು ಹಳೇ ಪೇಪರಿನ ಮಡಿಕೆಯ ಗುಂಟ ಅದನ್ನು ನೆಟ್ಟಗೆ ಇಟ್ಟು, ಒತ್ತಿ, ಹತ್ತು ಎಣಿಸುವಷ್ಟು ಹೊತ್ತು ಬಿಟ್ಟಳು. ಆಮೇಲೆ ಹಾಳೆಯನ್ನು ಹಗುರಾಗಿ ಎಳೆದಳು. ಸಪ್ಪಳವಿಲ್ಲದೆ ಬಂತು. ಯಾವ ಬ್ಲೇಡಿಗೂ ಅಷ್ಟು ನಯ ಇರಲಿಕ್ಕಿಲ್ಲ.

“ನಮ್ಮವ್ವ ಕಲಿಸಿದ್ದು,” ಎಂದಳು.

*

ಎಂಟರಲ್ಲಿ ಐದು ಹಾಳೆ ಕಂಡಿಕೆಗಳಲ್ಲಿ ಸಿಕ್ಕವು, ಮುರುಟಿ, ತುಣುಕಾಗಿ. ಮೂರು ಹಾಳೆ ಎಲ್ಲಿಯೋ ಹೋಗಿದ್ದವು. ಹೊಳಬಸು ಸಿಕ್ಕದ್ದನ್ನು ಗಂಜಿ ಹಚ್ಚಿ ಜೋಡಿಸಿದ. ಮೂರು ಹಾಳೆಯನ್ನು ಎಲ್ಲಿಂದಾದರೂ ಬರೆದು ತಂದು ಸೇರಿಸಿ, ಯಾರಿಗೂ ಕಾಣದಂತೆ ಪುಸ್ತಕ ಚೀಲದಲ್ಲಿಟ್ಟರೆ? ಹಾಳೆ ಬಂದವು ಎಂದರೆ ಮಾತು ತಾನಾಗಿಯೇ ಸತ್ತೀತು. ಅವನ ಮನಸ್ಸು ಮೊದಲು ಹುಡುಕಿದ್ದು ಇಂಥ ಹಿತ್ತಲ ಬಾಗಿಲನ್ನೇ. ಪಡಸಾಲೆಗೆ ಹೋಗಿ ಎಲ್ಲರ ಮುಂದೆ ಹೇಳಿದರೆ ಸಂಗಯ್ಯ ಏನಂದಾನು ಎಂಬುದು ಅವನಿಗೆ ಅಕ್ಷರಕ್ಕಕ್ಷರ ಕೇಳಿಸುತ್ತಿತ್ತು.

ಅದಕ್ಕೆ ಆ ಪುಸ್ತಕ ಬೇಕಲ್ಲ, ಅದು ಪಡಸಾಲೆಯಲ್ಲೇ ಉಳಿದಿತ್ತು. ಮಾಸ್ತರರ ಮನೆಗೆ ಹೋದ. ಚೀಲ ಇನ್ನೂ ಅದೇ ಕಂಬಕ್ಕೆ ಆತುಕೊಂಡಿತ್ತು, ಧೂಳು ಕೂತಿತ್ತು.

“ಹರಕು ಪುಸ್ತಕ ತಗೊಂಡು ಏನು ಮಾಡ್ತೀಯಪ್ಪಾ?” ಎಂದರು ಮಾಸ್ತರರು.

“ಹೋದ ಹಾಳಿ ಎಲ್ಲ್ಯಾರ ಸಿಕ್ರ ನೋಡಿ ಬರದು ಹಾಕ್ತೇನ್ರಿ.”

ಮಾಸ್ತರರು ಒಳಗಿನವರಿಗೂ ಕೇಳುವಂತೆ ದನಿ ಎತ್ತಿದರು. “ಶಾಬಾಸ್! ಯಾರೋ ಮಾಡಿದ ತಪ್ಪು, ಇಂವ ತಿದ್ದಲಿಕ್ಕೆ ಹೊಂಟಾನ. ಸಂಗಯ್ಯ ಇದನ್ನ ಕೇಳ್ಬೇಕಾಗಿತ್ತು. ಖರೇ ಓದುಗ ಅಂದ್ರ ಹಿಂಗಿರ್ಬೇಕು.”

ಇಪ್ಪತ್ತಾರು ವರ್ಷದಲ್ಲಿ ಒಬ್ಬ ಮಾಸ್ತರ ಅವನಿಗೆ ಶಾಬಾಸ್ ಎಂದದ್ದು ಅದೇ ಮೊದಲು. ಹೊಳಬಸು ಪುಸ್ತಕ ಎದೆಗವುಚಿಕೊಂಡು, ಕಣ್ಣು ಮೇಲೆತ್ತದೆ ಹೊರಬಿದ್ದ.

ಮರುದಿನ ಸ್ಟೇಷನ್ನಿನ ತನಕ ನಡೆದು, ರೈಲು ಹತ್ತಿ ಬಾಗಲಕೋಟೆಗೆ ಹೋದ. ಅಲ್ಲಿ ಬಜಾರದ ಒಂದು ಸಂದಿಯಲ್ಲಿ ತುಳಸೀಬಾಯಿಯ ಪುಸ್ತಕದಂಗಡಿ. ಗಂಡ ಹಾಸಿಗೆ ಹಿಡಿದ ಮೇಲೆ ಆಕೆಯೇ ನಡೆಸುತ್ತಿದ್ದಳು. ಓದುವವರನ್ನು ಕಂಡರೆ ಆಕೆಗೆ ಬಂಧುಗಳು ಬಂದಂತೆ. ಕೊಳ್ಳದವರಿಗೂ ಕೂರಲು ಒಂದು ಮಣೆ ಹಾಕುತ್ತಿದ್ದಳು, ಯಾವ ಊರಲ್ಲಿ ಯಾರ ಹತ್ತಿರ ಯಾವ ಪುಸ್ತಕವಿದೆ ಎಂದು ಹೇಳಿ ಕಳಿಸುತ್ತಿದ್ದಳು. ಟಪಾಲಿನವನ ಕಾದಂಬರಿಯ ಒಂದು ಪ್ರತಿ ಅವಳಲ್ಲಿತ್ತು.

“ಕೊಳ್ಳೂದಿಲ್ಲ ಹೌದಲ್ಲೋ?”

“ಇಲ್ರೀ ಬಾಯಾರ. ಮೂರ ಹಾಳಿ ನೋಡಿ ಬರ್ಕೋತೇನ್ರಿ.”

“ಕೈ ತೊಳ್ಕೊಂಡು ಬಾ. ಅಲ್ಲಿ ಕೂಡು.”

ಹೊಳಬಸು ಕೈ ತೊಳೆದು ಕೂತ. ಬರೆಯುವುದು ಓದಿದಂತಲ್ಲ. ಹದಿನಾಲ್ಕು ವರ್ಷ ನೂಲು ಹಿಡಿದ ಬೆರಳು ಲೆಕ್ಕಣಿಕೆ ಹಿಡಿಯಲು ಒಲ್ಲೆ ಎಂದವು. ಒಂದು ಸಾಲಿಗೆ ನಾಲ್ಕು ಸಲ ನಿಲ್ಲಬೇಕು. ಅಕ್ಷರ ಒಂದು ದೊಡ್ಡದು ಒಂದು ಸಣ್ಣದು, ಸಂತೆಗೆ ಹೊರಟ ಕುರಿಗಳಂತೆ. ತುಳಸೀಬಾಯಿ ಬಂದು ಹೆಗಲ ಮೇಲಿಂದ ನೋಡಿದಳು.

“ಯಾಕೋ, ನಿನ್ನ ಪುಸ್ತಕದಾಗ ಈ ಹಾಳಿ ಏನಾದ್ವು?”

“ಯಾರೋ ಹರದಾರ್ರಿ.”

“ಪುಸ್ತಕ ಹರಿಯೋ ಕೈ! ಅದು ಸೇದಿ ಬಿದ್ದು ಹೋಗ್ಲಿ. ಅಲ್ಲೇನೋ?”

ಅವಳು ಉತ್ತರಕ್ಕೆ ಕಾದು ನಿಂತಳು. ಹೊಳಬಸು ಕಾಗದದ ಕಡೆಗೇ ನೋಡುತ್ತ, “ಹೂನ್ರಿ,” ಎಂದ.

ಅಂದ ಮೇಲೆ ಅವ್ವನ ಕೈ ಕಣ್ಣಿಗೆ ಬಂತು. ರಾಟೆ ತಿರುವಿ ತಿರುವಿ ಹೆಬ್ಬೆರಳು ಹೊರಮಗ್ಗುಲಿಗೆ ಬಾಗಿದ ಕೈ. ಒದ್ದೆ ನೂಲನ್ನು ನೆಟ್ಟಗೆ ಇಟ್ಟು ಒತ್ತಿದ ಕೈ. ಮೊದಲು ಕಾಕಾನನ್ನು ಬಲಿ ಕೊಟ್ಟ, ಈಗ ಅವ್ವನನ್ನೂ ಕೊಟ್ಟ. ತನ್ನ ತಲೆ ಉಳಿಸಿಕೊಳ್ಳಲು ಇನ್ನೂ ಯಾರು ಯಾರನ್ನು ಕೊಡಬೇಕು? ಬರೆಯುತ್ತಿದ್ದ ಸಾಲಿನ ಮೇಲೆ ಹನಿ ಬಿದ್ದು ಮಸಿ ಹರಡಿತು. ಆ ಹಾಳೆಯನ್ನು ಮತ್ತೆ ಮೊದಲಿನಿಂದ ಬರೆಯಬೇಕಾಯಿತು. ಬರೆದು ಮುಗಿಸಿದಾಗ ಪುಸ್ತಕವನ್ನು ಕದ್ದು ಚೀಲದಲ್ಲಿಡುವ ಯೋಚನೆ ಉಳಿದಿರಲಿಲ್ಲ.

*

ಇಳಕಲ್ಲಿನಲ್ಲಿ ಇಬ್ರಾಹಿಂಸಾಬನ ಅಂಗಡಿ ಒಂದೇ ಬಾಗಿಲಿನದು. ಮೊದಲು ಒಳಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಕಚೇರಿಯ ದಫ್ತರಗಳು, ಮಠದ ಪೋಥಿಗಳು, ಸಾಲಿಯ ಹಾಜರಿ ಪುಸ್ತಕಗಳು ಚಾವಣಿ ಮುಟ್ಟುತ್ತಿದ್ದವು. ಈಗ ಗೋಡೆ ಕಾಣುತ್ತಿತ್ತು. ಗೋಡೆಗೆ ಹಸಿರು ಬಣ್ಣ ಬಳಿದಿದೆ ಎಂಬುದೇ ಹೊಳಬಸುವಿಗೆ ಆವತ್ತು ಗೊತ್ತಾದದ್ದು.

ಇಬ್ರಾಹಿಂಸಾಬ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಹೊಳಬಸು ಪುಸ್ತಕ ಬಿಚ್ಚಿ, ಜೋಡಿಸಿದ ಹಾಳೆ, ಬರೆದ ಹಾಳೆ ಎಲ್ಲ ಅವನ ಮುಂದಿಟ್ಟ.

“ಸಿಕ್ಕಾವು,” ಎಂದಷ್ಟೇ ಅಂದ.

ಮುದುಕ ಹಾಳೆಗಳನ್ನು ನೋಡಿದ. ಬಿಡಿ ಹಾಳೆ ಕಂಡು ಸುಮ್ಮನಿರಲು ಅವನ ಕೈಗೆ ಬರುವುದಿಲ್ಲ. ಸಿಟ್ಟು ಮುಖದಲ್ಲೇ ಇತ್ತು, ಕೈ ಮಾತ್ರ ಸೂಜಿಗೆ ಹೋಯಿತು. ದಾರಕ್ಕೆ ಮೇಣ ಸವರಿದ, ಹಾಳೆಯ ಬೆನ್ನಿಗೆ ಕಾಗದದ ಪಟ್ಟಿ ಹಚ್ಚಿದ, ಒಂದೊಂದನ್ನೇ ಅದರ ಜಾಗಕ್ಕೆ ಕೂರಿಸಿ ಹೊಲಿಯತೊಡಗಿದ.

“ಕಂಡಿಕಿ ಒಳಗ ಇದ್ವು?” ಎಂದ, ತಲೆ ಎತ್ತದೆ.

“ನಿಮಗ... ನಿಮಗ ಹೆಂಗ ಗೊತ್ತಾತು?”

“ಬ್ಲೇಡಿಂದು ಬ್ಯಾರೆ, ಒದ್ದಿ ನೂಲಿಂದು ಬ್ಯಾರೆ. ಬ್ಲೇಡಿಂದು ಬೆರಳಿಗೆ ಹತ್ತತೈತಿ. ನೂಲಿಂದು ಮೆತ್ತಗಿರತೈತಿ, ಅಂಚಿನ್ಯಾಗ ಸಣ್ಣ ಹತ್ತಿ ಎಳಿ ಎದ್ದಂಗ. ಇಳಕಲ್ಲದಾಗೂ ನೇಕಾರ ಹೆಣ್ಣಮಕ್ಕಳು ಅದಾರ. ನಲವತ್ತ ವರ್ಷದ ಕಸಬು ನಂದು.”

“ಮತ್ತ ಅವತ್ತ ಯಾಕ ಹೇಳ್ಲಿಲ್ಲ? ನಾಕ ಮಂದ್ಯಾಗ ನನ್ನ ಮಾರಿ ಮ್ಯಾಲ ಒಗೀಬೇಕಾಗಿತ್ತು!”

“ಏನಂತ ಒಗೀಲಿ? ‘ನಿಮ್ಮವ್ವ ಹರದಾಳ ನೋಡ್ರಿ’ ಅಂತ? ಆ ಆರು ಮಂದಿ ನಡಬರಕ? ಮಂಗಳವಾರ ಬಂದ್ರ ನಿಮ್ಮವ್ವ ನನಗ ನೀರ ಕೊಡತಿದ್ಳು. ‘ಬಂದ್ಯಾ ಯಣ್ಣಾ, ಮುಂದ ಏನ ಕಥಿ ತಂದಿ’ ಅಂತ ಕೇಳತಿದ್ಳು.”

ಹೊಳಬಸು ಮುಂದೆ ಜರುಗಿ ಕೂತ. ಮುದುಕನ ಕಾಲಿಗೆ ಕೈ ಚಾಚಿದ. ಇಬ್ರಾಹಿಂಸಾಬ ಕಾಲು ಹಿಂದೆ ಎಳೆದುಕೊಂಡ.

“ಕೈ ತಗಿ. ಬೈದದ್ದು ಎಲ್ಲೆ? ಪಡಸಾಲ್ಯಾಗ, ಹತ್ತ ಮಂದ್ಯಾಗ. ಕಾಲ ಹಿಡಿಯೂದು ಎಲ್ಲೆ? ಮೂಲ್ಯಾಗ, ಬಾಗಲಾ ಮುಂದ ಮಾಡಿ. ಇದ್ಯಾವ ನ್ಯಾಯ? ಸಾಬ ಅಂದಿ, ಲೇ ಅಂದಿ, ಅದು ಹೋಗ್ಲಿ. ನನ್ನ ಕಸಬಿಗೆ ಬೈದಿ. ಹಾಳಿ ಹರದಾಂವ ಅಂದಿ.” ಸೂಜಿ ಒಮ್ಮೆ ನಿಂತಿತು. “ನಿನ್ನ ಜಿಮ್ಮಾ ನಂದಂತ ನಾ ಹೇಳಿದ್ದು ಆ ಪಡಸಾಲ್ಯಾಗಽ.”

“ಅವ್ವನ ಹೆಸರ ಬರತೈತಿ,” ಎಂದ ಹೊಳಬಸು. “ನಗತಾರ.”

“ಅದು ನಿನ್ನ ವಿಚಾರ.”

ಹೊಲಿದು ಮುಗಿಯಿತು. ದಾರ ಕಡಿದು, ಪುಸ್ತಕವನ್ನು ಅಂಗೈಯಲ್ಲಿ ಒತ್ತಿ, ಹೊಳಬಸುವಿನ ಕಡೆ ದೂಡಿದ. ಹೊಳಬಸು ಹೊಸ್ತಿಲು ದಾಟುವಾಗ ಮಾತ್ರ ಹಿಂದಿನಿಂದ ಕೇಳಿಸಿತು, “ಅಮಾಸಿಗೆ ಬರ್ತೇನಿ. ನನ್ನ ಚೀಲಾ ಅಲ್ಲೇ ಐತಿ.”

*

ಅಮಾವಾಸ್ಯೆಗೆ ಮೂರು ದಿನವಿತ್ತು. ಹೊಳಬಸು ಆ ಮೂರೂ ದಿನ ನೇಯ್ದ ಖಣದಲ್ಲಿ ತಪ್ಪು ಎಳೆ ಬಿದ್ದವು. ಹೇಳುವುದು ಹೌದು, ಆದರೆ ಏನು ಹೇಳುವುದು? ‘ಅವ್ವ ಹರಿದಳು, ಆಕಿಗೆ ಓದು ಬರಹ ಬರೂದಿಲ್ಲ’ ಎಂದರೆ ಮುಗಿಯುತ್ತಿತ್ತು. ಎಲ್ಲರೂ ಅಯ್ಯೋ ಪಾಪ ಎನ್ನುತ್ತಿದ್ದರು. ಅದು ಖರೆಯೂ ಆಗಿತ್ತು. ಆದರೆ ಆ ಮಾತನ್ನು ಬಾಯಲ್ಲಿ ಹೊರಳಿಸಿ ನೋಡಿದಾಗಲೆಲ್ಲ ಅದಕ್ಕೆ ಸಂಗಯ್ಯನ ದನಿ ಬರುತ್ತಿತ್ತು. ನಾಲ್ಕನೇತ್ತೆಯವನನ್ನು ಸಂಗಯ್ಯ ಎಲ್ಲಿಟ್ಟಿದ್ದನೋ, ಒಂದನೇತ್ತೆಯೂ ಕಾಣದ ಅವ್ವನನ್ನು ಇವನು ಅಲ್ಲೇ ಇಟ್ಟಂತಾಗುತ್ತಿತ್ತು.

ಪಡಸಾಲೆಯಲ್ಲಿ ಆರೂ ಮಂದಿ ಇದ್ದರು. ಇಬ್ರಾಹಿಂಸಾಬ ಬಂದಿದ್ದ, ಮೇಲೆ ಹತ್ತಿರಲಿಲ್ಲ. ಅಂಗಳದಲ್ಲಿ, ಬಿಸಿಲಲ್ಲಿ, ಕೊಡೆ ಮಡಚಿ ಹಿಡಿದು ನಿಂತಿದ್ದ. ಯಾರೂ ಮೇಲೆ ಬಾ ಎಂದಿರಲಿಲ್ಲ. ಮಾಸ್ತರರು ಶುರು ಮಾಡುವ ಮೊದಲೇ ಹೊಳಬಸು ಎದ್ದು ನಿಂತು ಪುಸ್ತಕವನ್ನು ಅವರ ಮುಂದೆ ಇಟ್ಟ.

“ಹಾಳಿ ನನ್ನ ಮನ್ಯಾಗ ಹರದಿದ್ವು,” ಎಂದ. ದನಿ ತನ್ನದಲ್ಲ ಎನಿಸಿತು. “ಕಂಡಿಕಿಗೆ ಸುತ್ತಿದ್ವು. ಇಬ್ರಾಹಿಂಸಾಬ್ರು ಮುಟ್ಟಿಲ್ಲ. ಅವತ್ತ ನಾ ಅಂದದ್ದೆಲ್ಲಾ ಸುಳ್ಳು.”

ಮಾಸ್ತರರು ಪುಸ್ತಕ ತೆರೆದು ಹೊಲಿದ ಹಾಳೆ ನೋಡಿದರು.

“ಯಾರು ಹರದ್ರು?” ಎಂದ ಸಂಗಯ್ಯ. ಕಣ್ಣಲ್ಲಿ ನಗು ಆಗಲೇ ಬಂದು ಕೂತಿತ್ತು.

“ಮುಗೀತು ಅಂದಾಂವ ನಾನು. ಅಂದ್ರ ಹರದಾಂವ ನಾನಽ.”

“ಒಲಿ ಹಚ್ಚಾಕ ಅಂದಿದ್ನಿ, ಮಗ್ಗಕ್ಕ ಹಚ್ಚ್ಯಾನ! ಅಂತೂ ನನ್ನ ಮಾತ ಹುಸಿ ಆಗ್ಲಿಲ್ಲ ನೋಡ್ರಿ ಮಾಸ್ತರ!”

ನಗು ಸಿಡಿಯಿತು. ಹಿಂದಿನ ಅಮಾವಾಸ್ಯೆಯ ಅದೇ ಸಲಾಕೆ ಕಿವಿಯಿಂದ ಕಿವಿಗೆ ಹಾಯಿತು. ಆದರೆ ಈ ಸಲ ಅದನ್ನು ತಿರುಗಿಸಿ ಚುಚ್ಚಲು ಯಾರೂ ಇರಲಿಲ್ಲ. ಆ ನಗುವನ್ನು ನಿಂತು ತಿಂದ.

ಮಾಸ್ತರರು ಕೈ ಎತ್ತಿ ನಗು ನಿಲ್ಲಿಸಿದರು. ಅವರ ದನಿಯಲ್ಲಿ ಬೆಣ್ಣೆ ಇತ್ತು. “ಇರ್ಲಿ ಬಿಡ್ರಿ. ಪಾಪ, ಸಾಲಿ ಕಲ್ತವ ಅಲ್ಲ. ತಪ್ಪು ಒಪ್ಪಿಕೊಂಡಾನ, ಅದೇ ದೊಡ್ಡದು. ಅಂಥವರಿಂದ ನಾವು ಹೆಚ್ಚಿಗೆ ಏನು ನಿರೀಕ್ಷಾ ಮಾಡ್ಲಿಕ್ಕೆ ಬರ್ತದ?”

ಸಂಗಯ್ಯನ ಈಟಿಗಿಂತ ಈ ಬೆಣ್ಣೆ ಸುಟ್ಟಿತು. ಹೊಳಬಸು ಬಾಯಿ ತೆರೆದ. ‘ರದ್ದಿಯವರನ್ನ ನಂಬ್ಲಿಕ್ಕೆ ಆಗೂದಿಲ್ಲ ಅಂದವರು ನೀವಲ್ಲೇನ್ರಿ? ನೀವೂ ಒಪ್ಪಿಕೊಳ್ಳ್ರಿ!’ ಎಂಬ ಮಾತು ಹಲ್ಲಿನ ತನಕ ಬಂತು. ಅಂಗಳದ ಕಡೆ ನೋಡಿದ. ಆ ಮಾತು ಆಡುವ ಹಕ್ಕು ಅಲ್ಲಿ ಬಿಸಿಲಲ್ಲಿ ನಿಂತವನದಿತ್ತು, ತನ್ನದಲ್ಲ. ನುಂಗಿಕೊಂಡ. ಕಂಬದ ಬಳಿ ಹೋಗಿ ಚೀಲದ ಧೂಳನ್ನು ತನ್ನ ಧೋತರದ ಸೆರಗಿನಿಂದ ಒರೆಸಿದ. ಮೆಟ್ಟಿಲಿಳಿದು, ಆರೂ ಮಂದಿ ನೋಡುತ್ತಿದ್ದಂತೆ, ಎರಡೂ ಕೈಯಲ್ಲಿ ಹಿಡಿದು ಚಾಚಿದ.

“ತಪ್ಪಾತ್ರಿ ಕಾಕಾ.”

ಇಬ್ರಾಹಿಂಸಾಬ ಚೀಲ ತೆಗೆದುಕೊಂಡ. ಹೆಗಲಿಗೆ ಹಾಕಿಕೊಂಡ. ಮಾಸ್ತರರ ಕಡೆ ನೋಡಿ, “ಮಂಗಳವಾರದಿಂದ ಸರದಿ ಶುರು ಮಾಡ್ತೇನ್ರಿ,” ಎಂದ. ಹೊಳಬಸುವಿನ ಕಡೆ ತಿರುಗಲಿಲ್ಲ. ಕೊಡೆ ಬಿಚ್ಚಿ ಹೊರಟುಹೋದ.

*

ಹೊಳಬಸುವಿನ ಹೆಸರನ್ನು ಸರದಿಯಿಂದ ತೆಗೆಯಲಿಲ್ಲ, ಕೊನೆಗೆ ಹಾಕಿದರು. ಎಲ್ಲರೂ ಓದಿದ ಮೇಲೆ ಅವನಿಗೆ. ಐದು ಮಂಗಳವಾರ ಇಬ್ರಾಹಿಂಸಾಬ ಅವನ ಓಣಿಯ ಬಾಯಿಯಿಂದಲೇ ಹಾದುಹೋದ. ಸಂಗವ್ವ ತಂಬಿಗೆ ಹಿಡಿದು ಬಾಗಿಲಲ್ಲಿ ಕಾದಳು. “ಯಣ್ಣ ಯಾಕ ಬರ್ಲಿಲ್ಲೋ?” ಎಂದು ಕೇಳಿದಳು. ಹೊಳಬಸು ಎಲ್ಲವನ್ನೂ ಹೇಳಿದ. ಪುಸ್ತಕ ಯಾರ ಯಾರ ಮನೆಗೆ ಹೋಗುತ್ತದೆ, ಕೊನೆಯ ಹಾಳೆಯ ಬೆನ್ನಿಗೆ ಹೆಸರು ಯಾಕೆ ಬರೆಯುತ್ತಾರೆ, ಲೇ ಎಂದದ್ದು, ಹೂನ್ರಿ ಎಂದದ್ದು. ಸಂಗವ್ವ ಕೇಳಿದಳು. ಅತ್ತಳೋ ಬೈದಳೋ, ಅದು ಅವರಿಬ್ಬರ ನಡುವಿನದು. ಆವತ್ತಿನಿಂದ ಮನೆಯಲ್ಲಿ ಕಂಡಿಕೆಗೆ ಹಳೇ ಸೀರೆಯ ಚಿಂದಿ ಸುತ್ತಿದರು.

ಆರನೆಯ ಮಂಗಳವಾರ ಅವನು ಬಂದ. ಕಟ್ಟೆಯ ಮೇಲೆ ಚೀಲ ಇಳಿಸಿದ. ಸಂಗವ್ವ ಕೊಟ್ಟ ನೀರು ಕುಡಿದ. ಆಮೇಲೆ ಒಂದು ಪುಸ್ತಕ ತೆಗೆದು, ಮೊದಲ ಹಾಳೆಯ ಮೇಲೆ ಬೆರಳಿಟ್ಟ.

“ಹೊಳಬಸಪ್ಪನವರ,” ಎಂದ, “ಎಣಿಸಿ ಕೊಡ್ತೇನಿ. ಮುಂದಿನ ವಾರ ಎಣಿಸಿ ತಗೋತೇನಿ.”

ಬೇಟಾ ಎಂದಿದ್ದ ಬಾಯಿ. ಬಸೂ ಎಂದಿದ್ದ ಬಾಯಿ. ಊರಲ್ಲಿ ಯಾರೂ ಅವನಿಗೆ ಅಪ್ಪನವರ ಎಂದಿರಲಿಲ್ಲ. ಮರ್ಯಾದೆ ಇಷ್ಟು ಭಾರ ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

“ಒಂದು... ಎರಡು... ಮೂರು...”

ಎದುರಿನ ಕಟ್ಟೆಯ ಹೆಂಗಸರು ರಾಟೆ ನಿಲ್ಲಿಸಿ ನೋಡಿದರು. ನೆರೆಮನೆಯ ಬೋರವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಮುದುಕ ಅವಸರ ಮಾಡಲಿಲ್ಲ. ಹಾಳೆ ತಿರುವುವ ಮೊದಲು ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದ. ಹೊಳಬಸುವಿಗೆ ಒಳಗೆ ಹೋಗಿ ಮಗ್ಗದ ತಗ್ಗಿಗೆ ಇಳಿದುಬಿಡಬೇಕು ಎನಿಸಿತು. ಹೋಗಲಿಲ್ಲ. ಎಣಿಸಿಕೊಳ್ಳಬೇಕಾದವನು ತಾನಲ್ಲವೇ.

ಮೂವತ್ತರ ಸುಮಾರಿಗೆ ಮುದುಕನಿಗೆ ಕೆಮ್ಮು ಬಂತು, ಎಣಿಕೆ ನಿಂತಿತು. ಸಂಗವ್ವ ರಾಟೆಯನ್ನು ಅತ್ತ ಸರಿಸಿ ಹತ್ತಿರ ಬಂದು ಕೂತಳು. ಅಕ್ಷರ ಬಾರದ ಕೈ, ಎಳೆ ಎಣಿಸಿ ಪಳಗಿದ ಕೈ. ಸೆರಗಿಗೆ ಎರಡೂ ಅಂಗೈ ಒರೆಸಿಕೊಂಡಳು.

“ಮೂವತ್ತ ಒಂದು,” ಎಂದಳು, ಹಾಳೆ ತಿರುವಿ. “ಮೂವತ್ತ ಎರಡು.”

ಇಬ್ರಾಹಿಂಸಾಬ ಸುಮ್ಮನೆ ಪುಸ್ತಕವನ್ನು ಅವಳ ಕಡೆಗೆ ಸ್ವಲ್ಪ ಜರುಗಿಸಿದ. ಅವಳು ತಿರುವಿದಳು, ಅವನು ಅಂಚು ಸವರಿದ. ಹೊಳಬಸು ಇಬ್ಬರ ಮುಂದೆ ತಲೆ ತಗ್ಗಿಸಿ ನಿಂತು, ಒಂದೊಂದು ಹಾಳೆಗೂ ಹೂಂ ಎನ್ನುತ್ತ ಹೋದ. ನೂರಾ ಹನ್ನೆರಡು ಹಾಳೆ ಇದ್ದವು.